ವಾರಕ್ಕೆ ಮೂರು ದಿನ, ಹೋಗಲು 115 ಮೈಲಿ, ಬರಲು 115: ಚಿಯರ್ ಪ್ರಾಕ್ಟೀಸ್‌ಗೆ ಇಷ್ಟು ದೂರ ಓಡಾಡುವುದು ಸರಿಯಾ?

ವೇಕೊ ಅಮ್ಮ · ಮೇ 27, 2025, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಟೆಕ್ಸಸ್‌ನ ವೇಕೊದಲ್ಲಿದ್ದೇವೆ. ಮಗಳಿಗೆ ಹನ್ನೊಂದು, ಮಗನಿಗೆ ಏಳು. ಮಗಳು ಮೊದಲು ಜಿಮ್ನಾಸ್ಟಿಕ್ಸ್‌ಗೆ ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ ಇಲ್ಲೇ ಒಂದು ಸಣ್ಣ ಜಿಮ್‌ನಲ್ಲಿ ಆಲ್‌ಸ್ಟಾರ್ ಚಿಯರ್‌ಗೆ (ಚಿಯರ್‌ಲೀಡಿಂಗ್) ಸೇರಿದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ಶಾಲೆಯ ತಂಡ ಅಲ್ಲ. ಯಾರ ಮ್ಯಾಚಿಗೂ ಹೋಗಿ ಕೂಗುವುದಿಲ್ಲ. ಸ್ಪರ್ಧೆಗೆಂದೇ ಇರುವ ತಂಡ. ಎರಡೂವರೆ ನಿಮಿಷದ ಒಂದು ರೊಟೀನ್. ಅಷ್ಟರಲ್ಲೇ ಟಂಬ್ಲಿಂಗ್ (ಲಾಗ ಹಾಕುವುದು), ಸ್ಟಂಟ್ (ಒಬ್ಬಳನ್ನು ಉಳಿದವರು ಎತ್ತಿ ಹಿಡಿಯುವುದು), ಪಿರಮಿಡ್, ಡ್ಯಾನ್ಸ್ ಎಲ್ಲ ಮುಗಿಯಬೇಕು. ವರ್ಷವಿಡೀ ಆ ಎರಡೂವರೆ ನಿಮಿಷಕ್ಕೇ ಬೆವರು ಸುರಿಸುತ್ತಾರೆ.

ಈ ತಿಂಗಳು ಡಲ್ಲಾಸ್ ಆಚೆಯ ಪ್ಲೇನೊದ ಒಂದು ದೊಡ್ಡ ಜಿಮ್‌ನಲ್ಲಿ ಟ್ರೈಔಟ್ (ತಂಡದ ಆಯ್ಕೆ) ಇತ್ತು. ಸುಮ್ನೆ ಅನುಭವ ಆಗಲಿ ಅಂತ ಕರೆದುಕೊಂಡು ಹೋದೆ. ನೋಡಿದರೆ ಲೆವೆಲ್ 3 ತಂಡಕ್ಕೆ ತೆಗೆದುಕೊಂಡಿದ್ದಾರೆ, ಅದೂ ಫ್ಲೈಯರ್ ಆಗಿ, ಅಂದರೆ ಉಳಿದವರು ಮೇಲಕ್ಕೆ ಎತ್ತುವ ಹುಡುಗಿ. ಸೋಮವಾರ, ಗುರುವಾರ ಸಂಜೆ 6ರಿಂದ 8:30. ಭಾನುವಾರ ಮಧ್ಯಾಹ್ನ ಮೂರು ಗಂಟೆ. ಜೂನ್‌ನಿಂದ ಮುಂದಿನ ಏಪ್ರಿಲ್‌ವರೆಗೆ. ಶುಕ್ರವಾರದೊಳಗೆ ಸಹಿ ಹಾಕಿ ಮೊದಲ ಕಂತು ಕಟ್ಟಬೇಕು.

ಮನೆಯಿಂದ ಅಲ್ಲಿಗೆ 115 ಮೈಲಿ. ರಸ್ತೆ ಖಾಲಿ ಇದ್ದರೆ ಎರಡು ಗಂಟೆ. ಆದರೆ ಸಂಜೆ ಹೊತ್ತು ಡಲ್ಲಾಸ್ ಊರನ್ನು ದಾಟಿ ಹೋಗಬೇಕು. ಅಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ.

ಗಂಡ "ಇದು ಹುಚ್ಚು" ಅನ್ನುತ್ತಾರೆ. ಹಾಸನದಿಂದ ಅತ್ತೆ ಬಂದಿದ್ದಾರೆ. "ಐಪಿಎಲ್‌ನಲ್ಲಿ ಕುಣಿಯುತ್ತಾರಲ್ಲ, ಅದನ್ನ ಕಲಿಯೋಕಾ ಇಷ್ಟು ದೂರ?" ಅಂತ ಕೇಳಿದರು. ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ಸುಮ್ಮನೆ ನನ್ನ ಮುಖ ನೋಡಿಕೊಂಡು ಇದ್ದಾಳೆ. ಅತ್ತಿದ್ದರೆ ಗದರಿಸಿ ಬಿಡಬಹುದಿತ್ತು.

ಇಷ್ಟು ದೂರ ಓಡಾಡಿದವರು ಯಾರಾದರೂ ಇದ್ದೀರಾ?

---

ಟೋಲ್‌ಟ್ಯಾಗ್ ಅಪ್ಪ · ಮೇ 28, ಬೆಳಿಗ್ಗೆ 6:15

ಮೊದಲು ಲೆಕ್ಕ ಹಾಕೋಣ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ.

ದಿನಕ್ಕೆ 230 ಮೈಲಿ. ವಾರಕ್ಕೆ 690. ರಜೆ, ಹಬ್ಬ ಎಲ್ಲ ಕಳೆದು 40 ವಾರ ಅಂತ ಇಟ್ಟುಕೊಂಡರೂ 27,600 ಮೈಲಿ. ಭೂಮಧ್ಯರೇಖೆಯ ಮೇಲೆ ಭೂಮಿಯನ್ನು ಒಂದು ಸುತ್ತು ಹಾಕಿದರೂ 24,900 ಮೈಲಿ ಅಷ್ಟೇ. ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಹೊರಟಿರುತ್ತೀರಿ.

ಪೆಟ್ರೋಲ್ ಮಾತ್ರ ಎಣಿಸಿದರೆ ವಾರಕ್ಕೆ 70 ಡಾಲರ್ ಆಸುಪಾಸು, ಅಷ್ಟೇನೂ ಭಯ ಆಗುವುದಿಲ್ಲ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಟೈರು, ಆಯಿಲ್, ಸವೆತ, ಇನ್ಶೂರೆನ್ಸ್ ಎಲ್ಲ ಸೇರಿಸಿ ನೋಡಿ. ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನವರು 2025ಕ್ಕೆ ಕೆಲಸದ ಓಡಾಟಕ್ಕೆ ಇಟ್ಟಿರುವ ದರ ಮೈಲಿಗೆ 70 ಸೆಂಟ್. ಆ ಲೆಕ್ಕದಲ್ಲಿ ವರ್ಷಕ್ಕೆ 19,320 ಡಾಲರ್. ಜಿಮ್ ಫೀಸ್ ಇನ್ನೂ ಶುರುವೇ ಆಗಿಲ್ಲ.

ಇನ್ನೊಂದು ಲೆಕ್ಕ. ವಾರಕ್ಕೆ ಪ್ರಾಕ್ಟೀಸ್ 8 ಗಂಟೆ. ಕಾರಿನಲ್ಲಿ ಕೂರುವುದು ಕಡಿಮೆ ಅಂದರೂ 13, 14 ಗಂಟೆ. ಮಗು ಕಲಿಯುವುದಕ್ಕಿಂತ ಕೂರುವುದೇ ಜಾಸ್ತಿ ಆಯ್ತಲ್ಲ?

---

ಸುಮಾ ಪ್ಲೇನೊ · ಮೇ 28, ಬೆಳಿಗ್ಗೆ 8:02

ಸರ್, ಲೆಕ್ಕ ಸರಿಯಾಗಿದೆ. ಆದರೆ ಅವರು ಕೇಳಿದ್ದು ಅದಲ್ಲ ಅನ್ನಿಸುತ್ತೆ.

ವೇಕೊ ಅಮ್ಮ, ನಾವು ಪ್ಲೇನೊದಲ್ಲೇ ಇದ್ದೇವೆ, ಜಿಮ್ ನಮಗೆ ಹತ್ತು ನಿಮಿಷ. ಲಾಬಿಯಲ್ಲಿ ಕೂತಿರುತ್ತೇನಲ್ಲ, ಅಲ್ಲಿ ಒಕ್ಲಹೋಮಾ ಗಡಿಯಿಂದ ಬರುವವರೂ ಸಿಗುತ್ತಾರೆ, ಪೂರ್ವದ ಟೈಲರ್ ಕಡೆಯಿಂದ ಬರುವವರೂ ಸಿಗುತ್ತಾರೆ. ನೀವೊಬ್ಬರೇ ಹುಚ್ಚರಲ್ಲ. ಅವರನ್ನು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಕೈಯಲ್ಲಿ ತಲೆದಿಂಬು, ಸ್ಲೋ ಕುಕ್ಕರ್, ಹೋಂವರ್ಕ್ ಚೀಲ. ಮೂಲೆಯ ಪ್ಲಗ್ ಪಾಯಿಂಟ್ ಯಾರದು ಅಂತ ಒಳಗೊಳಗೇ ಒಪ್ಪಂದ ಇದೆ!

ಯಾಕೆ ಎಲ್ಲರೂ ಇಲ್ಲಿಗೇ ಬರುತ್ತಾರೆ ಅಂದರೆ, ಡಲ್ಲಾಸ್ ಈ ಆಟಕ್ಕೆ ತವರುಮನೆ ಇದ್ದಂತೆ. ಲಾರೆನ್ಸ್ ಹರ್ಕಿಮರ್ ಅನ್ನುವವರು 1948ರಲ್ಲಿ ಚಿಯರ್‌ಗಾಗಿ ಎನ್‌ಸಿಎ ಸಂಸ್ಥೆ ಕಟ್ಟಿದ್ದು ಈ ಊರಲ್ಲೇ. ಈಗಲೂ ಅದರ ಆಲ್‌ಸ್ಟಾರ್ ನ್ಯಾಷನಲ್ಸ್ ನಡೆಯುವುದು ಡಲ್ಲಾಸ್ ಡೌನ್‌ಟೌನ್‌ನ ಕನ್ವೆನ್ಷನ್ ಸೆಂಟರ್‌ನಲ್ಲಿ. ಅದಕ್ಕೇ ಒಳ್ಳೆ ಕೋಚ್‌ಗಳು, ದೊಡ್ಡ ಜಿಮ್‌ಗಳು ಈ ಕಡೆ ಜಾಸ್ತಿ.

ಫೀಸ್ ವಿಷಯ ಒಂದು ಮಾತು. ತಿಂಗಳ ಫೀಸ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಕೊರಿಯೋಗ್ರಫಿಗೆ ಬೇರೆ, ಮ್ಯೂಸಿಕ್‌ಗೆ ಬೇರೆ, ಯೂನಿಫಾರ್ಮ್, ಶೂ, ತಲೆಗೆ ಕಟ್ಟುವ ಆ ದೊಡ್ಡ ಬೋ, ಬ್ಯಾಗು ಎಲ್ಲ ಬೇರೆ ಬೇರೆ. ಸ್ಪರ್ಧೆಗೆ ಹೋದರೆ ನಮ್ಮ ಮಗುವನ್ನು ನೋಡಲು ನಾವೇ ಟಿಕೆಟ್ ತೆಗೆದುಕೊಳ್ಳಬೇಕು. ಕೆಲವು ಸ್ಪರ್ಧೆಗಳಲ್ಲಿ ಅವರು ಹೇಳಿದ ಹೋಟೆಲ್‌ನಲ್ಲೇ ಇಳಿದುಕೊಳ್ಳಬೇಕು ಅಂತ ನಿಯಮ. ಅಗ್ಗದ ರೂಮು ಪಕ್ಕದಲ್ಲೇ ಇದ್ದರೂ ಆಗುವುದಿಲ್ಲ. ಸಹಿ ಹಾಕುವ ಮೊದಲು ಇಡೀ ವರ್ಷದ ಪಟ್ಟಿ ಕೇಳಿ ತೆಗೆದುಕೊಳ್ಳಿ.

---

ಹಳೇ ಬ್ಯಾಕ್‌ಸ್ಪಾಟ್ · ಮೇ 28, ಮಧ್ಯಾಹ್ನ 1:20

ಆಂಟಿ, ನಾನು ಹ್ಯೂಸ್ಟನ್ ಕಡೆ ಬೆಳೆದವಳು, ಈಗ ಕಾಲೇಜಿನಲ್ಲಿದ್ದೇನೆ. ಅಪ್ಪ ಅಮ್ಮ ಮೈಸೂರಿನವರು. ಏಳು ವರ್ಷ ಆಲ್‌ಸ್ಟಾರ್ ಮಾಡಿದೆ. ನನ್ನ ಕನ್ನಡ ತಪ್ಪಿದ್ದರೆ ಕ್ಷಮಿಸಿ, ಅಮ್ಮ ಪಕ್ಕದಲ್ಲಿ ಕೂತು ತಿದ್ದುತ್ತಿದ್ದಾರೆ.

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಟೆನಿಸ್‌ಗೋ ಈಜಿಗೋ ಒಂದು ದಿನ ಹೋಗದಿದ್ದರೆ ನಷ್ಟ ನಿಮ್ಮ ಮಗುವಿಗೆ ಮಾತ್ರ. ಚಿಯರ್‌ನಲ್ಲಿ ಹಾಗಲ್ಲ. ಒಂದು ಸ್ಟಂಟ್ ಗುಂಪಿನಲ್ಲಿ ನಾಲ್ಕು ಜನ. ಇಬ್ಬರು ಬೇಸ್, ಅವರು ಎರಡು ಪಾದ ಹಿಡಿದು ಎತ್ತುತ್ತಾರೆ. ಹಿಂದೆ ಬ್ಯಾಕ್‌ಸ್ಪಾಟ್, ನಾನು ಇದ್ದಿದ್ದು ಅಲ್ಲಿ. ಮೇಲಿನವಳ ಕಣಕಾಲು ಹಿಡಿದುಕೊಳ್ಳುವುದು, ಬಿದ್ದರೆ ಅವಳ ತಲೆ, ಕುತ್ತಿಗೆ ಕಾಪಾಡುವುದು ನಮ್ಮ ಕೆಲಸ. ಮೇಲೆ ಫ್ಲೈಯರ್. ಫ್ಲೈಯರ್ ಬರದಿದ್ದರೆ ಉಳಿದ ಮೂವರು ಎರಡೂವರೆ ಗಂಟೆ ಖಾಲಿ ಗಾಳಿಯನ್ನು ಎತ್ತುತ್ತಾ ನಿಂತಿರುತ್ತಾರೆ. ತಮಾಷೆ ಅಲ್ಲ, ನಿಜವಾಗಿಯೂ ಕೈ ಮೇಲೆತ್ತಿ ಎಣಿಸುತ್ತೇವೆ. ಪಿರಮಿಡ್ ಆದರೆ ಇಡೀ ತಂಡವೇ ನಿಲ್ಲುತ್ತದೆ.

ನಮ್ಮ ಗುಂಪಿನ ಫ್ಲೈಯರ್ ತುಂಬ ದೂರದಿಂದ ಬರುತ್ತಿದ್ದಳು. ಒಳ್ಳೆಯ ಹುಡುಗಿ. ಮಳೆ ಬಂದರೆ ತಡ, ಆಕ್ಸಿಡೆಂಟ್ ಆಗಿ ರಸ್ತೆ ಕಟ್ಟಿದರೆ ತಡ. ವಾರ್ಮ್ ಅಪ್ ಮಾಡದೆ ಕಾರಿನಿಂದ ಇಳಿದು ನೇರ ಮೇಲೆ ಹತ್ತುತ್ತಿದ್ದಳು. ಎರಡೂವರೆ ಗಂಟೆ ಕೂತ ಕಾಲು ಎಳೆಯುವುದಿಲ್ಲ, ಅಲುಗುತ್ತದೆ. ಕೆಳಗಿದ್ದ ನಮಗೆ ಅದು ಕೈಯಲ್ಲೇ ಗೊತ್ತಾಗುತ್ತಿತ್ತು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ಸಿಟ್ಟು ಬಂದಿದ್ದಕ್ಕೆ ಬೇಜಾರು.

ಅದಕ್ಕೇ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ "ನಾವು ಓಡಾಡುತ್ತೇವಾ?" ಅಲ್ಲ. "ಬೇರೆ ಮೂರು ಮನೆಯ ಮಕ್ಕಳಿಗೆ ನಾವು ಮಾತು ಕೊಡಬಹುದಾ?" ಅನ್ನುವುದು. ಸ್ಪರ್ಧೆಗೆ ಎರಡು ವಾರ ಇರುವಾಗ ಒಂದು ದಿನವೂ ತಪ್ಪಿಸುವಂತಿಲ್ಲ ಅಂತ ಬಹಳ ಜಿಮ್‌ಗಳಲ್ಲಿ ನಿಯಮ ಇದೆ. ನಿಮ್ಮದರಲ್ಲಿ ಏನಿದೆ ಅಂತ ಬರಹದಲ್ಲಿ ಕೇಳಿ.

ಇನ್ನೊಂದು. ಫ್ಲೈಯರ್ ಅನ್ನುವ ಹೆಸರಿಗೆ ಮರುಳಾಗಬೇಡಿ. ಹನ್ನೊಂದು ವರ್ಷಕ್ಕೆ ಫ್ಲೈಯರ್ ಆಗಿದ್ದವಳು ಹದಿಮೂರಕ್ಕೆ ನಾಲ್ಕು ಇಂಚು ಬೆಳೆದು ಬೇಸ್ ಆಗಿಬಿಡುತ್ತಾಳೆ. ನಾನೂ ಮೊದಲು ಫ್ಲೈಯರೇ! ಆಗ ಕೆಲವು ಅಮ್ಮಂದಿರಿಗೆ ಮಕ್ಕಳಿಗಿಂತ ಜಾಸ್ತಿ ದುಃಖ ಆಗುತ್ತದೆ.

---

ಉಡುಪಿ ಮಾಣಿ · ಮೇ 28, ಸಂಜೆ 5:45

ಅತ್ತೆಯವರಿಗೆ ಐಪಿಎಲ್ ನೆನಪಾಗಿದ್ದು ತಪ್ಪಲ್ಲ. 2008ರ ಏಪ್ರಿಲ್ 18ರಂದು ಮೊದಲ ಐಪಿಎಲ್ ಮ್ಯಾಚು ನಡೆದಿದ್ದೇ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ. ಆಗ ಅಮೆರಿಕದಿಂದ ಚಿಯರ್‌ಲೀಡರ್‌ಗಳನ್ನು ಕರೆಸಿದ್ದರು. ನಮ್ಮೂರವರ ಪಾಲಿಗೆ ಆ ಪದಕ್ಕೆ ಅವತ್ತಿನಿಂದ ಅದೊಂದೇ ಅರ್ಥ.

ಅವರಿಗೆ ಹೀಗೆ ಹೇಳಿ ನೋಡಿ. ಅಷ್ಟಮಿಗೆ ನಮ್ಮ ಕರಾವಳಿಯಲ್ಲಿ ಮೊಸರುಕುಡಿಕೆ ಮಾಡುತ್ತಾರಲ್ಲ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಮಡಕೆ ಒಡೆಯುವುದು. ಅದಕ್ಕೆ ಮಲ್ಲಕಂಬದ ಲಾಗ ಸೇರಿಸಿ, ಸಂಗೀತ ಹಾಕಿ, ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಅಂದರೆ ಏನಾಗುತ್ತದೋ ಅದು ಇದು. ಕೆಳಗಿನವನ ಹೆಗಲು ಅಲುಗಿದರೆ ಮೇಲಿನವನ ಕಥೆ ಮುಗಿಯಿತು, ಅಷ್ಟೇ ವಿಷಯ.

ಇನ್ನೊಂದು ತಮಾಷೆ. ಇದು ಶುರುವಾಗಿದ್ದು ಗಂಡಸರಿಂದ. 1898ರಲ್ಲಿ ಮಿನೆಸೋಟ ಯೂನಿವರ್ಸಿಟಿಯಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನುವ ವಿದ್ಯಾರ್ಥಿ ಜನರ ಮುಂದೆ ನಿಂತು ಕೂಗಿಸಿದ. ಹೆಣ್ಣುಮಕ್ಕಳು ಬಂದಿದ್ದು ಎಷ್ಟೋ ವರ್ಷ ಆದಮೇಲೆ. 2021ರಲ್ಲಿ ಒಲಿಂಪಿಕ್ ಸಮಿತಿ ಚಿಯರ್‌ನ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ತಿ ಮಾನ್ಯತೆ ಕೊಟ್ಟಿದೆ. ಒಲಿಂಪಿಕ್ಸ್‌ನಲ್ಲಿ ಸೇರಿಸಿದೆ ಅಂತ ಅರ್ಥ ಅಲ್ಲ, ಆದರೂ ಅತ್ತೆಯ ಮುಂದೆ ಹೇಳಲು ಒಂದು ಮಾತು ಆಯ್ತು.

---

ವೇಕೊ ಅಮ್ಮ · ಮೇ 28, ರಾತ್ರಿ 9:10

ಮಾಣಿ ಅವರೇ, ಮೊಸರುಕುಡಿಕೆ ಅಂದ ತಕ್ಷಣ ಅತ್ತೆ "ಮತ್ತೆ ಬಿದ್ದರೆ?" ಅಂದರು. ಈಗ ಹೊಸ ತಲೆನೋವು ಶುರು.

ಬ್ಯಾಕ್‌ಸ್ಪಾಟ್ ಪುಟ್ಟಿ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ಆ ಮೂವರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅಮ್ಮನಿಗೆ ಹೇಳು, ನಿನ್ನ ಕನ್ನಡ ಚೆನ್ನಾಗಿದೆ.

---

ಲೋನ್‌ಸ್ಟಾರ್ ಗೌಡ · ಮೇ 28, ರಾತ್ರಿ 10:05

ಮುಂದೆ ಕಾಲೇಜಿಗೆ ಸ್ಕಾಲರ್‌ಶಿಪ್ ಸಿಗುತ್ತದೆ ಅಂದರೆ ಓಡಾಡಬಹುದು. ಇಲ್ಲದಿದ್ದರೆ ಯಾಕೆ?

---

ಬೇಲರ್ ಪಕ್ಕದ ಮನೆ · ಮೇ 29, ಬೆಳಿಗ್ಗೆ 7:30

ಗೌಡರೇ, ಆಲ್‌ಸ್ಟಾರ್ ಅನ್ನುವುದು ಸ್ಕಾಲರ್‌ಶಿಪ್‌ಗೆ ನೇರ ದಾರಿ ಅಲ್ಲ. ಕಾಲೇಜುಗಳಲ್ಲಿ ಇದನ್ನು ಕ್ರೀಡೆ ಅಂತ ಒಪ್ಪಿಸುವುದೇ ದೊಡ್ಡ ಜಗಳ ಆಗಿತ್ತು. 2010ರಲ್ಲಿ ಕನೆಕ್ಟಿಕಟ್‌ನ ಫೆಡರಲ್ ಕೋರ್ಟು ಒಂದು ತೀರ್ಪು ಕೊಟ್ಟಿತು. ಹೆಣ್ಣುಮಕ್ಕಳ ವಾಲಿಬಾಲ್ ತಂಡ ತೆಗೆದು ಆ ಜಾಗಕ್ಕೆ ಚಿಯರ್ ತಂಡ ತೋರಿಸಿದರೆ ನಡೆಯುವುದಿಲ್ಲ, ಸಮಾನ ಅವಕಾಶದ ಕಾನೂನಿನ ಲೆಕ್ಕಕ್ಕೆ ಚಿಯರ್ ಇನ್ನೂ ಕ್ರೀಡೆ ಆಗಿಲ್ಲ ಅಂತ. ಆಮೇಲೆ ಇದೇ ಕೌಶಲಗಳನ್ನು ಇಟ್ಟುಕೊಂಡು, ಕೂಗಾಟ ಪಾಂಪಾಮ್ ತೆಗೆದು, ಅಂಕ ಕೊಡುವ ಕ್ರೀಡೆಗಳು ಬೆಳೆದವು. ಅಕ್ರೊಬ್ಯಾಟಿಕ್ಸ್ ಅಂಡ್ ಟಂಬ್ಲಿಂಗ್ ಒಂದು, ಸ್ಟಂಟ್ ಅಂತಲೇ ಹೆಸರಿರುವ ಕ್ರೀಡೆ ಇನ್ನೊಂದು. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಮೊದಲನೆಯದನ್ನು 2020ರಲ್ಲಿ, ಎರಡನೆಯದನ್ನು 2023ರಲ್ಲಿ ಬೆಳೆಯುತ್ತಿರುವ ಮಹಿಳಾ ಕ್ರೀಡೆಗಳ ಪಟ್ಟಿಗೆ ಸೇರಿಸಿತು.

ವೇಕೊ ಅಮ್ಮ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಅಕ್ರೊಬ್ಯಾಟಿಕ್ಸ್‌ನಲ್ಲಿ 2015ರಿಂದ ಮೇಲಿಂದ ಮೇಲೆ ರಾಷ್ಟ್ರ ಚಾಂಪಿಯನ್ ಆಗುತ್ತಿರುವ ತಂಡ ಯಾವುದು ಗೊತ್ತಾ? ಬೇಲರ್ ಯೂನಿವರ್ಸಿಟಿ. ನಿಮ್ಮೂರಲ್ಲೇ, ನಿಮ್ಮ ಮನೆಯಿಂದ ನಾಲ್ಕು ಸಿಗ್ನಲ್ ದೂರದಲ್ಲಿ. ವಸಂತದಲ್ಲಿ ಅವರ ಮೀಟ್ (ಸ್ಪರ್ಧೆ) ನಡೆಯುತ್ತದೆ. ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ. 115 ಮೈಲಿ ಆಚೆ ಇರುವುದನ್ನೇ ನೋಡುತ್ತಾ ಅಂಗಳದಲ್ಲಿ ಇರುವುದು ಕಾಣದೇ ಹೋಗಬಾರದು, ಅಲ್ವಾ?

ಟಂಬ್ಲಿಂಗ್ ಇಲ್ಲೇ ಯಾವ ಜಿಮ್ನಾಸ್ಟಿಕ್ಸ್ ಜಿಮ್‌ನಲ್ಲೂ ಕಲಿಯಬಹುದು. ಲೆವೆಲ್ 2ರಲ್ಲಿ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಕೈ ಊರಿ ಹಿಂದಕ್ಕೆ ಲಾಗ), 3ರಲ್ಲಿ ಓಡಿಬಂದು ಟಕ್ (ಕೈ ಊರದ ಲಾಗ). ಅದಕ್ಕೆ ಪ್ಲೇನೊ ಬೇಕಿಲ್ಲ. ಪ್ಲೇನೊ ಬೇಕಾಗುವುದು ಸ್ಟಂಟ್‌ಗೆ, ತಂಡಕ್ಕೆ.

---

ಹಿಂದಿನ ಸೀಟು · ಮೇ 29, ಬೆಳಿಗ್ಗೆ 11:50

ಎಲ್ಲರೂ ಮಗಳ ಬಗ್ಗೆ ಬರೆಯುತ್ತಿದ್ದೀರಿ. ನಾನು ಆ ಏಳು ವರ್ಷದ ಮಗ. ಅಂದರೆ ಆಗಿದ್ದೆ, ಈಗ ನನಗೆ ಇಪ್ಪತ್ತಾರು.

ಅಕ್ಕನ ಫಿಗರ್ ಸ್ಕೇಟಿಂಗ್‌ಗೆ ವಾರಕ್ಕೆ ನಾಲ್ಕು ದಿನ, ಒಂದೂವರೆ ಗಂಟೆ ದಾರಿ. ನಾಲ್ಕು ವರ್ಷ. ಆ ದಾರಿಯ ಎಲ್ಲ ಎಕ್ಸಿಟ್ ನಂಬರ್ ಈಗಲೂ ಬಾಯಿಪಾಠ. ಕಾರಿನಲ್ಲಿ ಓದಿದರೆ ವಾಂತಿ ಬರುತ್ತಿತ್ತು, ಹಾಗಾಗಿ ಹೋಂವರ್ಕ್ ರಿಂಕ್‌ನ ಬೆಂಚಿನ ಮೇಲೆ, ಕೈ ಮರಗಟ್ಟುವ ಚಳಿಯಲ್ಲಿ. ನನ್ನ ಶಾಲೆಯ ನಾಟಕ ಗುರುವಾರ ಇತ್ತು. ಗುರುವಾರ ಸ್ಕೇಟಿಂಗ್ ದಿನ. ಅಮ್ಮ ವಿಡಿಯೋ ನೋಡಿದರು.

ನನ್ನ ಅಕ್ಕ ಕೆಟ್ಟವಳಲ್ಲ. ಅಮ್ಮನೂ ಅಲ್ಲ. ಅಮ್ಮ ಇವತ್ತಿಗೂ "ನೀನೂ ಜೊತೆಗೇ ಇದ್ದೆಯಲ್ಲ" ಅನ್ನುತ್ತಾರೆ. ಹೌದು, ಇದ್ದೆ.

ನಿಮ್ಮ ಮಗನಿಗೆ ಒಂದು ದಿನ ಕೊಡಿ ಆಂಟಿ. ಯಾರ ಪ್ರಾಕ್ಟೀಸ್ ಇದ್ದರೂ ಕದಲದ ದಿನ.

---

ಸುಮಾ ಪ್ಲೇನೊ · ಮೇ 29, ಮಧ್ಯಾಹ್ನ 12:04

ಇದನ್ನು ಓದಿ ನನ್ನ ಚಿಕ್ಕವನನ್ನು ಲಾಬಿಯಿಂದ ಹೊರಗೆ ಪಾರ್ಕಿಗೆ ಕರೆದುಕೊಂಡು ಹೋದೆ. ಹತ್ತು ನಿಮಿಷದ ದೂರದಲ್ಲಿರುವ ನಾನೇ ಈ ತಪ್ಪು ಮಾಡುತ್ತಿದ್ದೇನೆ.

---

ವೈಟ್‌ಫೀಲ್ಡ್ ಈಜು ಅಮ್ಮ · ಮೇ 29, ರಾತ್ರಿ 9:30

ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಿಮ್ಮದು 115 ಮೈಲಿ, ನಮ್ಮದು ಬರೀ 25 ಕಿಲೋಮೀಟರ್. ವೈಟ್‌ಫೀಲ್ಡ್‌ನಿಂದ ಬಸವನಗುಡಿಯ ಈಜುಕೊಳಕ್ಕೆ. ಆದರೆ ಸಂಜೆ ಹೊತ್ತು ಕಾರಿನಲ್ಲಿ ಹೊರಟರೆ ನಿಮಗೂ ನಮಗೂ ಟೈಮಲ್ಲಿ ಅಂಥ ವ್ಯತ್ಯಾಸ ಇಲ್ಲ! ನೀವು ಕೊನೇಪಕ್ಷ ಓಡುತ್ತಿರುತ್ತೀರಿ, ನಾವು ಮಾರತಹಳ್ಳಿಯಲ್ಲಿ ನಿಂತಿರುತ್ತೇವೆ.

ನಮ್ಮನ್ನು ಉಳಿಸಿದ್ದು ಮೆಟ್ರೊ. 2023ರ ಅಕ್ಟೋಬರ್‌ನಲ್ಲಿ ನೇರಳೆ ಲೈನ್ ಪೂರ್ತಿ ತೆರೆದ ಮೇಲೆ ಕಾರು ಬಿಟ್ಟೆವು. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಲೈನ್ ಹತ್ತುತ್ತೇವೆ. ಮಗಳು ರೈಲಿನಲ್ಲೇ ಗಣಿತ ಮುಗಿಸುತ್ತಾಳೆ. ನನ್ನ ಕೈ ಸ್ಟೀರಿಂಗ್ ಮೇಲೆ ಇಲ್ಲ, ಅದೇ ದೊಡ್ಡ ಬದಲಾವಣೆ. ಮೊದಲು ಒಬ್ಬರಿಗೊಬ್ಬರು ಬರೀ "ಬೇಗ, ಬೇಗ" ಅಂತಿದ್ದೆವು. ಈಗ ಮಾತಾಡುತ್ತೇವೆ.

ಅಲ್ಲಿ ರೈಲು ಇಲ್ಲ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ, ಕಾರ್‌ಪೂಲ್ ಸಿಗುವುದಿಲ್ಲವಾ? ವಾರಕ್ಕೆ ಒಂದು ಸಲ ಸ್ಟೀರಿಂಗ್ ಬೇರೆಯವರ ಕೈಗೆ ಹೋದರೂ ಸಾಕು.

---

ಟೋಲ್‌ಟ್ಯಾಗ್ ಅಪ್ಪ · ಮೇ 29, ರಾತ್ರಿ 10:15

ಕಾರ್‌ಪೂಲ್ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಆಮೇಲೆ ಸುಮ್ಮನಿರುತ್ತೇನೆ.

ಹೋಗುವಾಗ ಯಾರಿಗೂ ಏನೂ ಆಗುವುದಿಲ್ಲ. ಅಪಾಯ ಇರುವುದು ಬರುವಾಗ. ಪ್ರಾಕ್ಟೀಸ್ 8:30ಕ್ಕೆ ಬಿಡುತ್ತದೆ, ಶೂ ಬಿಚ್ಚಿ ಮಾತಾಡಿ ಹೊರಡುವಾಗ 8:45. ಡಲ್ಲಾಸ್ ದಾಟಿದ ಮೇಲೆ 35-ಈ (35E) ಹೆದ್ದಾರಿ, ಹಿಲ್ಸ್‌ಬೊರೊದಲ್ಲಿ ಅದೂ ಫೋರ್ಟ್ ವರ್ತ್ ಕಡೆಯ 35ಡಬ್ಲ್ಯು ಕೂಡ ಸೇರಿ ಒಂದಾಗುತ್ತವೆ, ಅಲ್ಲಿಂದ ವೇಕೊವರೆಗೆ ಪಕ್ಕದಲ್ಲಿ ಬರೀ ಟ್ರಕ್ಕು. ಮಕ್ಕಳು ಹಿಂದೆ ಮಲಗಿರುತ್ತಾರೆ, ಮಾತಾಡಲು ಜನ ಇಲ್ಲ, ರಾತ್ರಿ ಹತ್ತು ಗಂಟೆ. ನಾನು ಎರಡು ವರ್ಷ ಆಸ್ಟಿನ್‌ಗೆ ಹೀಗೆ ಓಡಾಡಿದವನು. ಒಮ್ಮೆ ಕಣ್ಣು ಬಿಟ್ಟಾಗ ಕಾರು ಪಕ್ಕದ ಲೇನ್‌ನಲ್ಲಿತ್ತು. ಹಾರ್ನ್ ಹೊಡೆದ ಟ್ರಕ್ ಡ್ರೈವರ್ ಯಾರೋ, ಅವನಿಗೆ ದೇವರು ಒಳ್ಳೆಯದು ಮಾಡಲಿ.

ಫೆಬ್ರವರಿಯಲ್ಲಿ ಐಸ್ ಬೇರೆ. 2021ರ ಫೆಬ್ರವರಿ 11ರಂದು ಫೋರ್ಟ್ ವರ್ತ್‌ನಲ್ಲಿ 35ಡಬ್ಲ್ಯು ಮೇಲೆ ಐಸ್ ಕಟ್ಟಿ 130ಕ್ಕೂ ಹೆಚ್ಚು ಗಾಡಿಗಳು ಒಂದಕ್ಕೊಂದು ಗುದ್ದಿದವು. ಆರು ಜನ ಸತ್ತರು. ಎನ್‌ಸಿಎ ನ್ಯಾಷನಲ್ಸ್ ಬರುವುದು ಫೆಬ್ರವರಿ ಕೊನೆ ಹೊತ್ತಿಗೆ. ಅಂದರೆ ಒಂದು ದಿನವೂ ತಪ್ಪಿಸಬಾರದು ಅನ್ನುವ ವಾರಗಳು, ರಸ್ತೆ ನಂಬಲಾಗದ ವಾರಗಳು, ಎರಡೂ ಒಂದೇ. ಐಸ್ ಬಿದ್ದ ದಿನ ಮನೆಯಲ್ಲೇ ಇರುತ್ತೇವೆ ಅಂತ ಈಗಲೇ ಕೋಚ್‌ಗೆ ಹೇಳಿಬಿಡಿ. ಆ ದಿನ ಹೇಳಲು ಬಾಯಿ ಬರುವುದಿಲ್ಲ.

---

ಶಾಲೆ ಮೇಡಂ · ಮೇ 30, ಬೆಳಿಗ್ಗೆ 6:50

ನಾನು ಟೆಕ್ಸಸ್‌ನಲ್ಲೇ ಮಿಡ್ಲ್ ಸ್ಕೂಲ್ ಟೀಚರ್. 6 ಗಂಟೆಗೆ ಪ್ಲೇನೊ ತಲುಪಬೇಕು ಅಂದರೆ ಶಾಲೆಯಿಂದ ಬೇಗ ಕರೆದುಕೊಂಡು ಹೋಗುವ ಆಸೆ ಬರುತ್ತದೆ. ಹುಷಾರು. ಇಲ್ಲಿ ಒಂದು ವಿಷಯದ ತರಗತಿ ನಡೆದ ದಿನಗಳಲ್ಲಿ 90 ಶೇಕಡಾ ಹಾಜರಿ ಇಲ್ಲದಿದ್ದರೆ ಆ ವಿಷಯದ ಕ್ರೆಡಿಟ್‌ಗೇ ತೊಂದರೆ. ವಾರಕ್ಕೆ ಎರಡು ದಿನ ಕೊನೇ ಪೀರಿಯಡ್ ತಪ್ಪಿದರೆ ಆ ವಿಷಯ ಗೋವಿಂದ.

ಮತ್ತೆ ನಿದ್ದೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು ಅನ್ನುತ್ತಾರೆ ಇಲ್ಲಿನ ಡಾಕ್ಟರುಗಳು. ಹನ್ನೊಂದಕ್ಕೆ ಮನೆ ಸೇರಿ, ಸ್ನಾನ ಮಾಡಿ, ಆರೂವರೆಗೆ ಏಳುವ ಮಗುವಿಗೆ ಎಷ್ಟು ಸಿಗುತ್ತದೆ? ಶುಕ್ರವಾರ ಮೊದಲ ಪೀರಿಯಡ್‌ನಲ್ಲಿ ನನ್ನ ಕ್ಲಾಸಿನಲ್ಲಿ ಯಾವ ಮಕ್ಕಳು ಗುರುವಾರ ದೂರ ಹೋಗಿದ್ದರು ಅಂತ ಮುಖ ನೋಡಿಯೇ ಹೇಳುತ್ತೇನೆ.

---

ಹಳೇ ಬ್ಯಾಕ್‌ಸ್ಪಾಟ್ · ಮೇ 30, ಬೆಳಿಗ್ಗೆ 9:15

ಆಂಟಿ, ಇವತ್ತು ಕೊನೇ ದಿನ ಅಲ್ವಾ? ಒಂದು ಉಪಾಯ. ಲೆವೆಲ್ 3 ಒಂದೇ ದಾರಿ ಅಂತ ಅಂದುಕೊಳ್ಳಬೇಡಿ. ಕೆಳಗಿನ ಲೆವೆಲ್ ತಂಡಗಳಿಗೆ ಕೆಲವು ಕಡೆ ಎರಡೇ ದಿನ ಇರುತ್ತದೆ. ಪ್ರೆಪ್ ಅಂತ ಇನ್ನೊಂದು ವಿಭಾಗ ಇದೆ, ರೊಟೀನ್ ಎರಡೇ ನಿಮಿಷ, ಖರ್ಚೂ ಕಡಿಮೆ. ಕೋಚ್‌ಗೆ ಫೋನ್ ಮಾಡಿ "ನಾವು ಇಷ್ಟು ದೂರದಿಂದ ಬರುತ್ತೇವೆ, ಎರಡು ದಿನದ ತಂಡ ಇದೆಯಾ?" ಅಂತ ನೇರವಾಗಿ ಕೇಳಿ. ಲೆವೆಲ್ ಇಳಿದರೆ ಅವಮಾನ ಅಲ್ಲ. ಲೆವೆಲ್ 2ನ್ನು ಶುದ್ಧವಾಗಿ ಮಾಡುವವರು ಲೆವೆಲ್ 3ನ್ನು ಒದ್ದಾಡಿಕೊಂಡು ಮಾಡುವವರಿಗಿಂತ ಬೇಗ ಮುಂದೆ ಹೋಗುತ್ತಾರೆ. ಕಣ್ಣಾರೆ ನೋಡಿದ್ದೇನೆ.

---

ವೇಕೊ ಅಮ್ಮ · ಮೇ 30, ರಾತ್ರಿ 10:30

ಫೋನ್ ಮಾಡಿದೆ. ಮೂರು ಸಲ ಅಭ್ಯಾಸ ಮಾಡಿಕೊಂಡು ಆಮೇಲೆ ಮಾಡಿದೆ.

ಲೆವೆಲ್ 2 ತಂಡ ಒಂದಿದೆ. ಗುರುವಾರ ಸಂಜೆ, ಭಾನುವಾರ ಮಧ್ಯಾಹ್ನ, ಎರಡೇ ದಿನ. ಕೋಚ್ ಒಳ್ಳೆಯವರು, ನಾನು ಕೇಳಿದ್ದಕ್ಕೆ ಅವರಿಗೇ ಸಮಾಧಾನ ಆದ ಹಾಗಿತ್ತು. ಐಸ್ ದಿನದ ಮಾತೂ ಹೇಳಿದೆ. ಇ-ಮೇಲ್‌ನಲ್ಲಿ ಹಾಕಿ ಅಂದರು, ಹಾಕಿದೆ. ಫ್ಲೈಯರ್ ಜಾಗ ಖಾಲಿ ಇಲ್ಲ, ಬೇಸ್ ಆಗಬೇಕು.

ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಹತ್ತು ಕೆಜಿ ಅಕ್ಕಿ ಚೀಲ ಎರಡು ಕೈಯಲ್ಲಿ ಎತ್ತಿ ನಿಂತಳು. ಅತ್ತೆ "ಅಯ್ಯೋ ಸೊಂಟ!" ಅಂತ ಕೂಗಿದರು.

ಸಹಿ ಹಾಕಿದ್ದೇವೆ. ಗಂಡ ಇನ್ನೂ ಹುಚ್ಚು ಅಂತಲೇ ಅನ್ನುತ್ತಾರೆ, ಆದರೆ ಭಾನುವಾರ ಡ್ರೈವಿಂಗ್ ಅವರದು ಅಂತ ಒಪ್ಪಿದ್ದಾರೆ.

---

ವೇಕೊ ಅಮ್ಮ · ಆಗಸ್ಟ್ 19

ಎರಡೂವರೆ ತಿಂಗಳಾಯಿತು, ಕೆಲವರು ಮೆಸೇಜ್ ಮಾಡಿ ಕೇಳಿದಿರಿ. ಅದಕ್ಕೇ ಈ ವರದಿ.

ಚೆನ್ನಾಗಿರುವುದು: ಮಗಳು ಬೇಸ್ ಆಗಿ ಸಂತೋಷವಾಗಿದ್ದಾಳೆ. "ಮೇಲಿದ್ದಾಗ ನನಗೆ ಛಾವಣಿ ಮಾತ್ರ ಕಾಣುತ್ತಿತ್ತು, ಈಗ ಎಲ್ಲರೂ ಕಾಣುತ್ತಾರೆ" ಅಂದಳು. ದಾರಿಯಲ್ಲೇ ಸಿಗುವ ವ್ಯಾಕ್ಸಹ್ಯಾಚಿ ಊರಿನ ಒಂದು ಕುಟುಂಬ ಸಿಕ್ಕಿದೆ, ಅವರ ಮಗಳೂ ಅದೇ ತಂಡ. ಗುರುವಾರ ನಾನು ಅಲ್ಲಿವರೆಗೆ ಬಿಡುತ್ತೇನೆ, ಮುಂದಿನ ಡಲ್ಲಾಸ್ ಗಲಾಟೆ ಅವರ ಪಾಲು. ವಾರ ಬಿಟ್ಟು ವಾರ ಅದಲು ಬದಲು. ಸುಮಾ ಅವರು ಒಂದು ಗುರುವಾರ ಬಿಸಿ ಬಿಸಿ ಬಿಸಿಬೇಳೆಬಾತ್ ಡಬ್ಬಿ ತಂದು ಲಾಬಿಯಲ್ಲಿ ಕೊಟ್ಟರು. ಮುಖ ನೋಡದವರು ಹೀಗೆ ಮಾಡುತ್ತಾರೆ ಅಂದರೆ ಏನು ಹೇಳಲಿ.

ಚೆನ್ನಾಗಿಲ್ಲದಿರುವುದು: ಕಾರಿನಲ್ಲಿ ಊಟ. ಮೊಸರನ್ನ ಒಂದೇ ಕೈಕೊಡದ್ದು. ಚಪಾತಿ ರೋಲ್ ಮಾಡಿದರೆ ಪಲ್ಯ ಸೀಟಿನ ಸಂದಿಗೆ ಹೋಗುತ್ತದೆ. ಕಾರಿಗೆ ಈಗ ಶಾಶ್ವತವಾಗಿ ಒಗ್ಗರಣೆ ವಾಸನೆ.

ಮಗನಿಗೆ ಶನಿವಾರ ಕೊಟ್ಟಿದ್ದೇವೆ. ಹಿಂದಿನ ಸೀಟು ಅವರೇ, ನಿಮ್ಮ ಮಾತು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ. ಗುರುವಾರ ಅವನು ಅಜ್ಜಿ ಜೊತೆ ಮನೆಯಲ್ಲೇ ಇರುತ್ತಾನೆ. ಅತ್ತೆಯ ಆರು ತಿಂಗಳು ಅಕ್ಟೋಬರ್‌ಗೆ ಮುಗಿಯುತ್ತದೆ. ಆಮೇಲೆ ಏನು ಅಂತ ಇನ್ನೂ ಗೊತ್ತಿಲ್ಲ.

---

ಉಡುಪಿ ಮಾಣಿ · ಆಗಸ್ಟ್ 19

ವೇಕೊ ದಾಟಿ ವೆಸ್ಟ್ ಅನ್ನುವ ಊರು ಸಿಗುತ್ತದಲ್ಲ, ಅಲ್ಲಿಯ ಕೊಲಾಚಿ ತಿಂದಿರಾ? ಚೆಕ್ ಜನರ ತಿಂಡಿ. ಹಣ್ಣು, ಚೀಸ್ ತುಂಬಿದ್ದು ತೆಗೆದುಕೊಳ್ಳಿ. ಸಾಸೇಜ್ ಇರುವುದಕ್ಕೆ ನಿಜವಾದ ಹೆಸರೇ ಬೇರೆ, ಆದರೆ ಅಂಗಡಿಯಲ್ಲಿ ಎಲ್ಲವನ್ನೂ ಕೊಲಾಚಿ ಅಂತಲೇ ಕರೆಯುತ್ತಾರೆ. ಕೇಳಿ ತೆಗೆದುಕೊಳ್ಳಿ. ನಾನು ಒಮ್ಮೆ ಏಕಾದಶಿ ದಿನ ಮೋಸ ಹೋದೆ.

---

ವೇಕೊ ಅಮ್ಮ · ಡಿಸೆಂಬರ್ 8

ಮೊದಲ ಸ್ಪರ್ಧೆ ಮುಗಿಯಿತು. ಒಂಬತ್ತು ಪಟ್ಟಿ ಸೇರಿಸಿ ಹಾಸಿದ ಆ ನೀಲಿ ನೆಲ, 54 ಅಡಿ ಅಗಲ. ಮಗಳು ಅದರ ಮೇಲೆ ಎಷ್ಟು ಚಿಕ್ಕದಾಗಿ ಕಂಡಳು ಅಂದರೆ ನನಗೆ ಹುಡುಕಲೇ ಆಗಲಿಲ್ಲ. ಎಲ್ಲರಿಗೂ ಒಂದೇ ಬೋ, ಒಂದೇ ಲಿಪ್‌ಸ್ಟಿಕ್. ಕೊನೆಗೆ ಅವಳ ಕಾಲ್ಗೆಜ್ಜೆಯ ಕಪ್ಪು ಗುರುತು ನೋಡಿ ಪತ್ತೆ ಹಚ್ಚಿದೆ. ಅವರ ಗುಂಪಿನ ಸ್ಟಂಟ್ ಬೀಳಲಿಲ್ಲ. ಪಕ್ಕದ ಗುಂಪಿನದು ಬಿತ್ತು, ಯಾರಿಗೂ ಪೆಟ್ಟಾಗಲಿಲ್ಲ. ಐದನೇ ಸ್ಥಾನ, ಆರು ತಂಡದಲ್ಲಿ.

ಅತ್ತೆ ಹಾಸನಕ್ಕೆ ಹೋದ ಮೇಲೆ ಮಗ ಗುರುವಾರ ನಮ್ಮ ಜೊತೆಯೇ ಬರುತ್ತಿದ್ದಾನೆ. ಮೊದಲ ಎರಡು ವಾರ ಮುಖ ಗಂಟು. ಈಗ ಲಾಬಿಯಲ್ಲಿ ಅವನದೇ ವಯಸ್ಸಿನ ಒಬ್ಬ ಸಿಕ್ಕಿದ್ದಾನೆ, ಇಬ್ಬರೂ ಚೆಸ್ ಆಡುತ್ತಾರೆ. ಹಾಗಂತ ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ. ಹೋದ ಗುರುವಾರ ಹಿಲ್ಸ್‌ಬೊರೊ ಹತ್ತಿರ "ಮುಂದಿನ ವರ್ಷಾನೂ ಬರಬೇಕಾ?" ಅಂತ ಕೇಳಿದ. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಮೇನಲ್ಲಿ ಮತ್ತೆ ಟ್ರೈಔಟ್ ಬರುತ್ತದೆ. ಅದಕ್ಕೆ ಮೊದಲು ಬೇಲರ್ ಮೀಟ್‌ಗೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ.

---

ಟೆಂಪಲ್ ಹೊಸಬಳು · ಡಿಸೆಂಬರ್ 9

ಅಕ್ಕ, ನಾವು ನಿಮಗಿಂತ ಇನ್ನೂ 35 ಮೈಲಿ ದಕ್ಷಿಣಕ್ಕೆ, ಟೆಂಪಲ್‌ನಲ್ಲಿ. ಮಗಳು ಜನವರಿಯಿಂದ ಅದೇ ಜಿಮ್‌ನಲ್ಲಿ ಗುರುವಾರ ಟಂಬ್ಲಿಂಗ್ ಕ್ಲಾಸ್ ಮಾತ್ರ ಮಾಡಬೇಕು ಅಂತಿದ್ದಾಳೆ. ವೇಕೊವರೆಗೆ ನಾನು ಬಿಡುತ್ತೇನೆ. ನಿಮ್ಮ ಕಾರಿನಲ್ಲಿ ಒಂದು ಸೀಟು ಇದೆಯಾ?

---

ವೇಕೊ ಅಮ್ಮ · ಡಿಸೆಂಬರ್ 9

ಇದೆ. ಗುರುವಾರ 3:35ಕ್ಕೆ ಶಾಲೆಯ ಹಿಂದಿನ ಗೇಟು, ಐದು ನಿಮಿಷ ಮಾತ್ರ ಕಾಯುತ್ತೇನೆ. ಊಟದ ಡಬ್ಬಿಗೆ ಗಟ್ಟಿ ಮುಚ್ಚಳ ಇರಲಿ. ಮತ್ತೆ ನಿಮ್ಮ ಮಗಳಿಗೆ ಚೆಸ್ ಬರುತ್ತದಾ? ಮಗ ಕೇಳುತ್ತಿದ್ದಾನೆ.